ಬಣ್ಣ ಬದಲಾದ ಮಾತ್ರೆ

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ತಕರಾರಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ತೊಟ್ಟಿಗಳ ನಡುವೆ ನಿಂತವನು. ಒಂದು ಸಲಕ್ಕೆ ಬಣ್ಣ ಹಾಕಿ ತೆಗೆದ ನೂಲು ಒಂದು ಲಾಟು; ಪ್ರತಿ ಲಾಟಿನ ಒಂದೆಳೆಯನ್ನು ಹಿಂದಿನ ಲಾಟಿನ ಎಳೆಯ ಪಕ್ಕ ಇಟ್ಟು ಬೆಳಕಿಗೆ ಹಿಡಿದು ನೋಡುವುದು ಅವನ ಕೆಲಸ. ಬಣ್ಣ ಒಂದಿಷ್ಟು ಬೇರೆಯಾದರೂ ಮುಂದಕ್ಕೆ ಬಿಡುತ್ತಿರಲಿಲ್ಲ. ಮಾಲೀಕ ಒಮ್ಮೆ ಕಳಪೆ ಪುಡಿ ಬೆರೆಸಿ, ಬಣ್ಣ ಕೆಟ್ಟಾಗ ಅದನ್ನು ಕೆಲಸಗಾರರ ತಲೆಗೆ ಕಟ್ಟಿದ್ದ. ತಕರಾರಣ್ಣ ಎರಡೂ ಎಳೆ ಹಿಡಿದು ಗೇಟಿನ ಮುಂದೆ ಹನ್ನೊಂದು ದಿನ ಕೂತ. ಮಾಲೀಕನೇ ಇಳಿದು ಬಂದ. ಅಂದಿನಿಂದ ಅವನ ನಂಬಿಕೆ ಒಂದೇ: ಬಣ್ಣ ಬದಲಾಯಿತೆಂದರೆ ಯಾರೋ ಕೈಯಾಡಿಸಿದ್ದಾರೆ.

ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಗಿತ್ತು. ಪಾದಗಳು ಜೋಮು ಹಿಡಿದಂತಿದ್ದವು. ಬೂಟಿನೊಳಗೆ ಸೇರಿದ ತಂತಿಯ ಚೂರು ಇಡೀ ಪಾಳಿ ಕಿರುಬೆರಳನ್ನು ಕೊರೆದರೂ ಗೊತ್ತಾಗಲಿಲ್ಲ. ಬಣ್ಣದ ನೀರು ಕುಡಿದು ಕೆಂಪಾದ ಕಾಲಿನಲ್ಲಿ ಹುಣ್ಣಿನ ಕೆಂಪು ಯಾರಿಗೆ ಕಾಣಬೇಕು? ಕಂಡುಹಿಡಿದದ್ದು ಹೆಂಡತಿಯ ಮೂಗು.

“ರೀ, ಏನೋ ಕೊಳೆತ ವಾಸನೆ. ಕಾಲು ತೋರ್ಸಿ.”

“ನಿಂಗೆ ನನ್ನ ಕಂಡ್ರೆ ಯಾವಾಗ್ಲೂ ವಾಸನೆನೇ.”

“ಆ ವಾಸನೆ ಮೂವತ್ತು ವರ್ಷದಿಂದ ಗೊತ್ತು, ಇದು ಅದಲ್ಲ. ತೋರ್ಸಿ ಅಂದೆ!”

ಆಸ್ಪತ್ರೆಯ ಡಾಕ್ಟರಮ್ಮ ಹುಣ್ಣು ತೊಳೆದು, ಆಳದಿಂದ ಕೀವು ತೆಗೆದು ಲ್ಯಾಬಿಗೆ ಕಳಿಸಿದರು. ಇನ್ಸುಲಿನ್ ಹೆಚ್ಚಿಸಿ, ಕೆಂಪು-ಹಳದಿ ಕ್ಯಾಪ್ಸೂಲು ಬರೆದುಕೊಟ್ಟರು. ನಾಲ್ಕನೇ ದಿನ ಹೋದಾಗ ಅದನ್ನು ನಿಲ್ಲಿಸಿ ಬಿಳಿ ಮಾತ್ರೆ ಕೊಟ್ಟರು. “ರಿಪೋರ್ಟ್ ಬಂದಿದೆ, ಇನ್ಮೇಲೆ ಇದು ತಗೊಳ್ಳಿ” ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಹೊರಗೆ ಸಾಲು ಬಾಗಿಲು ದಾಟಿತ್ತು.

ಮನೆಗೆ ಬಂದವನೇ ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟ. ಕಾಲು ಅದೇ, ಹುಣ್ಣು ಅದೇ, ಡಾಕ್ಟರೂ ಅವರೇ. ಮದ್ದು ಮಾತ್ರ ಬೇರೆ! ದಾಸ್ತಾನು ಮುಗಿದಿರಬೇಕು, ಮೂಲೆಯಲ್ಲಿ ಬಿದ್ದಿದ್ದನ್ನು ಬಡವರ ಬಾಯಿಗೆ ಸುರಿಯುತ್ತಿರಬೇಕು. ಬಿಳಿ ಮಾತ್ರೆಯೊಂದನ್ನು ನೀರಿನ ಲೋಟಕ್ಕೆ ಹಾಕಿದ. ಕರಗಿ ನೀರು ಬೆಳ್ಳಗಾಯಿತು. “ಸುಣ್ಣ” ಎಂದು ತೀರ್ಪು ಕೊಟ್ಟ. ಹೆಂಡತಿಗೆ ಹೇಳದೆ, ಉಳಿದಿದ್ದ ಕೆಂಪು-ಹಳದಿಯನ್ನೇ ನುಂಗತೊಡಗಿದ.

ಐದು ದಿನ ಕಳೆಯುವಷ್ಟರಲ್ಲಿ ಚಳಿಜ್ವರ ಬಂತು. ಕಿರುಬೆರಳು ಕಪ್ಪಿಟ್ಟಿತ್ತು, ಊತ ಪಾದದ ಮೇಲೆ ಹತ್ತಿತ್ತು. ಹೆಂಡತಿ ಬಿಳಿ ಮಾತ್ರೆಯ ಪಟ್ಟಿ ಎತ್ತಿ ನೋಡಿದಳು. ಒಂದು ಬಿಟ್ಟು ಎಲ್ಲವೂ ಹಾಗೇ ಇದ್ದವು.

“ಇದ್ಯಾಕೆ ನುಂಗಿಲ್ಲ?”

“ಅದು ಡೂಪ್ಲಿಕೇಟು.”

“ಯಾರು ಹೇಳಿದ್ದು?”

“ಬಣ್ಣ ನೋಡಿದ್ರೆ ಗೊತ್ತಾಗಲ್ವಾ?”

“ಅಯ್ಯೋ ನಿಮ್ಮ ಬಣ್ಣಕ್ಕಿಷ್ಟು! ಏಳಿ ಮೇಲೆ. ಮಾಲೀಕನ ಹತ್ರ ಎದುರಿಗೇ ನಿಂತು ಜಗಳ ಆಡಿದೋರು, ಡಾಕ್ಟ್ರ ಹತ್ರ ಯಾಕೆ ಕಳ್ಳನ ಥರ? ಮನೇಲಿ ಕೂತು ಮುಷ್ಕರ ಮಾಡಿದ್ರೆ ಹೋಗೋದು ನಿಮ್ಮ ಕಾಲೇ.”

ಡಾಕ್ಟರಮ್ಮ ಎಲ್ಲ ಕೇಳಿದರು, ಬೈಯಲಿಲ್ಲ. ಲ್ಯಾಬಿನ ಫ್ರಿಜ್ಜಿನಿಂದ ಮುಚ್ಚಳ ಹಾಕಿದ ಪುಟ್ಟ ತಟ್ಟೆಯೊಂದನ್ನು ತರಿಸಿದರು.

“ನಿಮ್ಮ ಕೀವಲ್ಲಿದ್ದ ಬ್ಯಾಕ್ಟೀರಿಯಾನ ಇದ್ರಲ್ಲಿ ಬೆಳೆಸಿದೀವಿ. ಈ ಬಿಲ್ಲೆಗಳಲ್ಲಿ ಒಂದೊಂದಕ್ಕೂ ಒಂದೊಂದು ಔಷಧಿ ಹಾಕಿದೆ. ಕೆಲಸ ಮಾಡೋ ಔಷಧಿ ಸುತ್ತ ಬ್ಯಾಕ್ಟೀರಿಯಾ ಬೆಳೆಯಲ್ಲ.”

“ನನ್ನದೇ ಕೀವು ಅಂತ ಏನು ಗ್ಯಾರಂಟಿ?”

ಅವರು ತಟ್ಟೆಯ ಮೇಲಿನ ನಂಬರು ತೋರಿಸಿದರು. ತನ್ನ ಚೀಟಿ ತೆಗೆದು ಒಂದೊಂದೇ ಅಂಕಿ ಹೋಲಿಸಿದ. ಸರಿಯಿತ್ತು. ತಟ್ಟೆಯನ್ನು ಬೆಳಕಿಗೆ ಹಿಡಿದ. ಒಂದು ಬಿಲ್ಲೆಯ ಸುತ್ತ ತೊಳೆದಿಟ್ಟಂತೆ ಸ್ವಚ್ಛ ಬಳೆ. ಇನ್ನೊಂದರ ಅಂಚಿನವರೆಗೂ ಬ್ಯಾಕ್ಟೀರಿಯಾ ಮುತ್ತಿತ್ತು.

“ಕೆಂಪು-ಹಳದಿ ಯಾವುದು?”

ಡಾಕ್ಟರಮ್ಮ ಮುತ್ತಿಗೆಯಾದದ್ದನ್ನು ತೋರಿಸಿದರು. ಸ್ವಚ್ಛ ಬಳೆಯಿದ್ದದ್ದು ಬಿಳಿ ಮಾತ್ರೆಯ ಬಿಲ್ಲೆ. ಅವನ ಮುಖ ಇಳಿಯಿತು.

“ಇದನ್ನ ಅವತ್ತೇ ತೋರಿಸ್ಬೇಕಿತ್ತು.”

“ಹೌದು. ನೀವೂ ಅವತ್ತೇ ಕೇಳ್ಬೇಕಿತ್ತು.”

ಇಬ್ಬರ ಮಾತೂ ನಿಜ. ಆದರೆ ಐದು ದಿನ ಕೈಬಿಟ್ಟು ಹೋಗಿತ್ತು.

“ಬೆರಳು ಸತ್ತಿದೆ, ತೆಗೀಬೇಕು. ಔಷಧಿ ಇನ್ನು ನೇರ ರಕ್ತಕ್ಕೆ. ಸಕ್ಕರೆ ಹಿಡಿತಕ್ಕೆ ಬಂದ್ರೆ ಪಾದ ಉಳಿಸೋಕೆ ಪ್ರಯತ್ನ ಮಾಡ್ತೀವಿ.”

ಪ್ರಯತ್ನ ಮಾಡುತ್ತೇವೆ ಎಂಬ ಮಾತನ್ನು ಅವನು ಮಾಲೀಕರ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ!

“ಎಲ್ಲೀವರೆಗೆ ಕೊಯ್ತೀರಿ? ಗೆರೆ ಎಳೀರಿ.”

ಡಾಕ್ಟರಮ್ಮ ಪೆನ್ನಿನಿಂದ ಬೆರಳ ಬುಡದಲ್ಲಿ ಗೆರೆ ಎಳೆದರು. “ಒಳಗೆ ಇನ್ನೂ ಕೊಳೆತಿದ್ರೆ ಮೇಲೆ ಹೋಗ್ಬೇಕಾಗುತ್ತೆ. ಸುಳ್ಳು ಹೇಳಲ್ಲ.”

“ಹಂಗೆ ಬಿಡಿಸಿ ಹೇಳಿ” ಎಂದು ಕಾಲು ಚಾಚಿದ.

ಕೊಯ್ತ ಗೆರೆ ದಾಟಲಿಲ್ಲ. ಆರನೇ ದಿನ ಕಟ್ಟು ಬಿಚ್ಚಿದಾಗ ಪಾದದ ಊತ ಇಳಿದಿತ್ತು. ಅಷ್ಟಾದರೂ ನರ್ಸ್ ಸಿರಿಂಜು ಹಿಡಿದು ಬಂದಾಗಲೆಲ್ಲ ಅವನು ಕೈ ಹಿಂದಕ್ಕೆ ಎಳೆದುಕೊಂಡು, “ಇದ್ಯಾವುದಮ್ಮ? ಯಾತಕ್ಕೆ?” ಎಂದು ಕೇಳುತ್ತಿದ್ದ. ಹೇಳಿದ ಮೇಲೆಯೇ ಕೈ ಕೊಡುತ್ತಿದ್ದ.