ತಮ್ಮನ ಜಿಮ್ಮಿನ ಇಪ್ಪತ್ತೈದು ಕಿಲೋ

ಬೀದಿಯವರಿಗೆಲ್ಲ ಅವಳು ಆಂಬುಲೆನ್ಸ್ ಅಕ್ಕ. ಸ್ಟ್ರೆಚರಿನ ತಲೆಯ ಕಡೆ ಹಿಡಿಯುವುದು ಅವಳ ಕೆಲಸವಾಗಿತ್ತು. ಕಳೆದ ವರ್ಷ ಇಕ್ಕಟ್ಟಾದ ಮೆಟ್ಟಿಲಿಳಿಯುವಾಗ ದಢೂತಿ ರೋಗಿಯೊಬ್ಬರು ಹೆದರಿ ಒಂದು ಪಕ್ಕಕ್ಕೆ ವಾಲಿದರು. ಅವಳು ಸ್ಟ್ರೆಚರ್ ಬಿಡಲಿಲ್ಲ. ಬಲಭುಜದ ಸ್ನಾಯು ಹರಿಯಿತು. ಆಪರೇಷನ್ ಆದ ಮೇಲೆ ಅವಳನ್ನು ಕಂಟ್ರೋಲ್ ರೂಮಿನಲ್ಲಿ ಫೋನಿನ ಮುಂದೆ ಕೂರಿಸಿದರು. ಯಾರೋ ಅಳುತ್ತಾರೆ, ಅವಳು ವಿಳಾಸ ಕೇಳಿ ಗಾಡಿ ಕಳಿಸುತ್ತಾಳೆ, ಫೋನ್ ಕಟ್ಟಾಗುತ್ತದೆ. ಆಮೇಲೆ ಆ ಮನುಷ್ಯ ಉಳಿದನೋ ಇಲ್ಲವೋ, ಹೇಳುವವರಿಲ್ಲ. ಊಟಕ್ಕೆ ಕುಳಿತರೂ ಆ ದನಿಗಳು ಕಿವಿಯಲ್ಲೇ ಇರುತ್ತವೆ.

ಗಾಡಿಗೆ ಮರಳಲು ಕಚೇರಿ ಹಾಕಿದ ಷರತ್ತು ಒಂದೇ: ಕುಳಿತು, ಬಲಗೈಯೊಂದರಲ್ಲೇ, ಕೇಬಲ್ ಯಂತ್ರದ ಹಿಡಿಯನ್ನು ಇಪ್ಪತ್ತು ಕಿಲೋ ತೂಕಕ್ಕೆ ಎದೆಯವರೆಗೆ ಎಳೆಯಬೇಕು. ಕಚೇರಿಯ ವ್ಯಾಯಾಮದ ಕೋಣೆಯಾದರೂ ಸರಿ, ಹೊರಗಿನ ಯಾವುದೇ ಜಿಮ್ಮಿನಲ್ಲಿ ತರಬೇತುದಾರರ ಎದುರಾದರೂ ಸರಿ.

ಹೊರಗಿನ ಜಿಮ್ಮಿಗೇನು ಬರವಿಲ್ಲ. ಅವಳ ಸ್ವಂತ ತಮ್ಮನೇ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಜಿಮ್ ಇಟ್ಟಿದ್ದಾನೆ. ಅಲ್ಲಿ ಬೆವರು ಸುರಿಸಿ ಅವಳು ಇಪ್ಪತ್ತೈದು ಕಿಲೋವನ್ನು ನೀರು ಕುಡಿದಷ್ಟು ಸಲೀಸಾಗಿ ಎಳೆಯುತ್ತಿದ್ದಳು. ಆದರೂ ಪರೀಕ್ಷೆಗೆ ಕಚೇರಿಯ ಕೋಣೆಯನ್ನೇ ಆರಿಸಿಕೊಂಡಳು. "ತಮ್ಮ ಪಾಸ್ ಮಾಡಿಸ್ದ ಅಂತ ನಾಳೆ ಯಾರೂ ಬಾಯಿ ಬಿಡಬಾರ್ದು" ಎಂದಿದ್ದಳು.

ಕಚೇರಿಯ ಯಂತ್ರದಲ್ಲಿ ಪಿನ್ನನ್ನು ಇಪ್ಪತ್ತಕ್ಕೆ ಸಿಕ್ಕಿಸಿ ಎಳೆದಳು. ಹಿಡಿ ಅರ್ಧ ದಾರಿ ಬಂದು ನಿಂತಿತು. ಹಲ್ಲು ಕಚ್ಚಿ ಮತ್ತೆ ಎಳೆದಳು. ಭುಜ ನಡುಗಿತೇ ಹೊರತು ಹಿಡಿ ಮುಂದಕ್ಕೆ ಬರಲಿಲ್ಲ.

ಪರೀಕ್ಷೆ ನಡೆಸುತ್ತಿದ್ದ ಮೇಡಂ, "ಪರವಾಗಿಲ್ಲ ಬಿಡಿ. ಶುಕ್ರವಾರದೊಳಗೆ ಇನ್ನೊಂದು ಸಲ ಮಾಡಿ ತೋರ್ಸಿ" ಎಂದರು. "ಆಗ್ಲೂ ಆಗ್ಲಿಲ್ಲ ಅಂದ್ರೆ ಮುಂದಿನ ಸರದಿ ಮೂರು ತಿಂಗಳಾದ್ಮೇಲೆ."

ಆಮೇಲೆ ಶುರುವಾಯಿತು ಬಿಟ್ಟಿ ಉಪದೇಶ. ಆ ಕೋಣೆಯಲ್ಲಿ ಎ.ಸಿ. ಜಾಸ್ತಿ, ಸ್ನಾಯು ಬಿಗಿದಿರತ್ತೆ ಎಂದ ಗಾಡಿಯ ಡ್ರೈವರ್. ಹೊಸ ಜಾಗ ಅಂದರೆ ಮನಸ್ಸು ಅಳುಕುತ್ತದೆ ಎಂದಳು ಪಕ್ಕದ ಮೇಜಿನವಳು. ಮನೆಗೆ ಬಂದರೆ ಗಂಡ.

"ನೋಡೇ, ಬೆಳಗ್ಗೆ ನೀನು ಸರಿಯಾಗಿ ತಿಂದಿರ್ಲಿಲ್ಲ."

"ಎರಡು ಸಲ ಬಡಿಸ್ಕೊಂಡು ತಿಂದಿದ್ದೀನಿ ರೀ."

"ಹಾಗಾದ್ರೆ ಹೊಟ್ಟೆ ಭಾರ ಆಗಿರತ್ತೆ."

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಚೀಲ ಎತ್ತಿಕೊಂಡು ನೆಟ್ಟಗೆ ತಮ್ಮನ ಜಿಮ್ಮಿಗೆ ನಡೆದಳು. ಪಿನ್ ಇಪ್ಪತ್ತೈದಕ್ಕೆ. ಎಳೆದಳು. ಬಂತು. ಇನ್ನೊಮ್ಮೆ ಎಳೆದಳು. ಮತ್ತೂ ಬಂತು. ಅದೇ ಭುಜ, ಅದೇ ದಿನ, ಅದೇ ಊಟ.

"ನಮ್ಮ ಜಿಮ್ಮಿನ ಗಾಳಿನೇ ಅಂಥದ್ದು ಅಕ್ಕಾ" ಎಂದು ತಮ್ಮ ಮೀಸೆ ತಿರುವಿದ.

"ಬಾಯಿ ಮುಚ್ಚೋ."

ಮೂರನೆಯ ಸಲ ಎಳೆಯುವಾಗ ಅವಳ ಕಣ್ಣು ಎದುರಿನ ಕನ್ನಡಿಗೆ ಹೋಯಿತು. ಹಿಡಿ ಒಂದು ತೋಳಿನಷ್ಟು ದೂರ ಬಂದಿತ್ತು, ಪ್ಲೇಟುಗಳು ಮಾತ್ರ ಅದರ ಅರ್ಧದಷ್ಟೇ ಮೇಲೆದ್ದಿದ್ದವು. ಕಚೇರಿಯಲ್ಲಿ ಹಾಗಿರಲಿಲ್ಲ, ಅಲ್ಲಿ ಹಿಡಿ ಎಷ್ಟು ಬಂದಿತ್ತೋ ಪ್ಲೇಟುಗಳೂ ಅಷ್ಟೇ ಎದ್ದಿದ್ದವು. ಅವಳು ಎದ್ದುಹೋಗಿ ಯಂತ್ರದ ಹಿಂದೆ ಬಗ್ಗಿ ನೋಡಿದಳು. ಪ್ಲೇಟುಗಳ ನೆತ್ತಿಯ ಮೇಲೆ ಒಂದು ರಾಟೆಯಿತ್ತು. ಕೇಬಲ್ ಅದರಡಿಯಲ್ಲಿ ಸುತ್ತಿ ಎರಡು ಎಳೆಯಾಗಿ ಮೇಲೆ ಹೋಗಿತ್ತು. ಒಂದು ಎಳೆಯ ತುದಿ ಅವಳ ಕೈಗೆ. ಇನ್ನೊಂದು ಎಳೆಯ ಭಾರ ಹೊರುತ್ತಿದ್ದದ್ದು ಯಂತ್ರದ ಚೌಕಟ್ಟು.

ಗಂಡನಿಗೆ ಫೋನ್ ಮಾಡಿ, ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ತರಿಸಿಕೊಂಡಳು. ಹಿಡಿಗೆ ಸಿಕ್ಕಿಸಿ ನಿಧಾನಕ್ಕೆ ಎಳೆದಾಗ ಮುಳ್ಳು ಹದಿಮೂರರ ಹತ್ತಿರ ನಿಂತಿತು. ಅರ್ಧ ತೂಕ, ಜೊತೆಗೆ ರಾಟೆಯ ತಿಕ್ಕಾಟ ಒಂದಿಷ್ಟು.

ತಮ್ಮನ ಮುಖ ಊದಿಕೊಂಡಿತು. "ಅಂದ್ರೆ ನನ್ನ ಮೆಷಿನ್ ಸುಳ್ಳು ಹೇಳತ್ತಾ?"

"ಪ್ಲೇಟು ಇಪ್ಪತ್ತೈದೇ ಕಣೋ. ನನ್ನ ಕೈಗೆ ಬರೋದು ಅದ್ರಲ್ಲಿ ಅರ್ಧ. ಇಷ್ಟು ತಿಂಗಳು ಒಂದು ಮಾತು ಹೇಳೋಕೆ ನಿಂಗೇನಾಗಿತ್ತು?"

"ನಂಗೇ ಗೊತ್ತಿರ್ಲಿಲ್ವಲ್ಲ! ಎಲ್ರೂ ಖುಷಿಯಾಗಿ ಎಳೀತಿದ್ರು."

ಗಂಡ ನಡುವೆ ಬಂದ. "ಸಿಟ್ಯಾಕೆ? ಯಾವ ಜಿಮ್ಮಾದ್ರೂ ಸರಿ ಅಂದಿದ್ದಾರಲ್ಲ. ಇಲ್ಲೇ ಇಪ್ಪತ್ತು ಎಳಿ. ಇವನು ಫೋನಲ್ಲಿ ಹೌದು ಅಂತಾನೆ. ಸೋಮವಾರ ಗಾಡಿ ಹತ್ತು."

"ಸುಳ್ಳೇನೂ ಅಲ್ವಲ್ಲ ಅಕ್ಕಾ" ಎಂದ ತಮ್ಮ. "ಪಿನ್ ಇಪ್ಪತ್ತರಲ್ಲೇ ಇರತ್ತೆ."

ಅವಳು ಪಿನ್ನಿನ ಕಡೆ ನೋಡಿದಳು. ಷರತ್ತಿನ ಒಂದಕ್ಷರವನ್ನೂ ಮೀರದೆ, ಇನ್ನು ಮೂರು ತಿಂಗಳು ಆ ಫೋನಿನ ಮುಂದೆ ಕೂರುವುದು ತಪ್ಪುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

ಕೊನೆಗೆ ಅವಳು ತಮ್ಮನಿಗೆ ಅಗಲವಾದ ಬೆಂಚೊಂದನ್ನು ತೋರಿಸಿದಳು. "ಅದ್ರ ಮೇಲೆ ಮಲಕ್ಕೋ."

"ಯಾಕೆ?"

"ನೀನು ಪೇಷೆಂಟು. ರೀ, ನೀವು ಕಾಲ ಕಡೆ ಹಿಡೀರಿ."

"ನಂಗೆ ಸೊಂಟ..."

"ಹಿಡೀರಿ ಅಂದೆ."

ತಮ್ಮ ಸಣ್ಣ ಆಳೇನಲ್ಲ. ಇಬ್ಬರೂ ಎತ್ತಿದರು. ಮೊಣಕಾಲಿನ ಎತ್ತರದವರೆಗೆ ಬೆಂಚು ಮಟ್ಟಸವಾಗಿಯೇ ಬಂತು. ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ಅವಳ ಬಲಗೈ ಕೈಕೊಟ್ಟಿತು. ಬೆಂಚು ಆ ಕಡೆಗೆ ವಾಲಿತು, ತಮ್ಮ ಅಂಚಿಗೆ ಜಾರಿ ಎರಡೂ ಕೈಯಲ್ಲಿ ಬೆಂಚನ್ನು ತಬ್ಬಿಕೊಂಡ.

"ಅಯ್ಯೋ ಬೀಳ್ತೀನಿ, ಬಿಡ್ಬೇಡಕ್ಕಾ!"

ಹೇಗೋ ಇಳಿಸಿದರು. ಗಂಡ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ. ಮೇಲಿನಿಂದ ಜಾರುವಾಗ ಹೇಗಿರುತ್ತದೆಂದು ತಮ್ಮನಿಗೆ ಗೊತ್ತಾಗಿತ್ತು.

"ಇದು ಸಮತಟ್ಟು ನೆಲ" ಎಂದಳು ಅವಳು. ಏದುಸಿರು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು: ಯಂತ್ರದ ಮೇಲೆ, ಭುಜದ ಮೇಲೆ, ಎರಡು ಕಡೆ ಒಂದೇ ಅಂಕಿ ಬರೆದವರ ಮೇಲೆ. "ಮೆಟ್ಟಿಲಾಗಿದ್ರೆ?"

ಅವಳು ಫೋನ್ ತೆಗೆದು ಪರೀಕ್ಷೆಯ ಮೇಡಂಗೆ ಕರೆ ಮಾಡಿದಳು. "ಶುಕ್ರವಾರ ನಾನು ಬರಲ್ಲ ಮೇಡಂ. ಇಲ್ಲ, ಹುಷಾರಾಗಿದ್ದೀನಿ. ನಂದು ಹದಿಮೂರು ಕಿಲೋ ಅಷ್ಟೇ, ಇವತ್ತು ಗೊತ್ತಾಯ್ತು. ಹ್ಞೂ, ಮೂರು ತಿಂಗಳಾದ್ಮೇಲಿನ ಸರದೀಲಿ ನನ್ನನ್ನ ಸೇರಿಸ್ಕೊಳ್ಳಿ."

ಫೋನಿಟ್ಟು ಮುಖ ಒರೆಸಿಕೊಂಡಳು. ಹೋಗಿ ಯಂತ್ರದ ಮುಂದಿನ ಆಸನದಲ್ಲಿ ಧಪ್ಪನೆ ಕುಳಿತಳು.

ತಮ್ಮ ಅಳುಕುತ್ತಲೇ ಹತ್ತಿರ ಬಂದು ಪಿನ್ ಕಿತ್ತ. "ಮೂವತ್ತಕ್ಕೆ ಹಾಕ್ಲಾ ಅಕ್ಕಾ?"

"ಹದಿನೈದು ಅನ್ನೋ" ಎಂದಳು ಅವಳು, ಹಿಡಿಗೆ ಕೈ ಹಾಕುತ್ತ.