ಕತ್ತರಿ ಹಾಕಬಾರದ ಹಗ್ಗ

ರೈಲಿಗೆ ಇನ್ನೂ ಸಮಯವಿತ್ತು; ಕಂಕನಾಡಿಯ ದಿನಸಿ ಅಂಗಡಿಯೆದುರು ಚಹಾ ಕುಡಿಯುತ್ತಿದ್ದೆ. ಸೌದಿಗೆ ಹೊರಟ ವೆಲ್ಡರ್ ಹನೀಫ್ ಅಲ್ಲಿ ರಟ್ಟಿನ ಪೆಟ್ಟಿಗೆ ತೂಗಿಸಲು ಬಂದಿದ್ದರು. ಕರಾರು ಮುಗಿದಾಗಲೆಲ್ಲ ಊರಿಗೆ ಬಂದು, ಹೊಸ ವೀಸಾದಲ್ಲಿ ಮತ್ತೆ ಹೋಗುವುದು ಅವರ ಕೆಲಸದ ನಿಯಮವಂತೆ. ಅವರ ಹೆಂಡತಿ ಪೆಟ್ಟಿಗೆಗೆ ಮಾಸಿದ ನೈಲಾನ್ ಹಗ್ಗ ಸುತ್ತುತ್ತಿದ್ದರು.

ನನ್ನ ಬಾಯಿ ಸುಮ್ಮನಿರಲಿಲ್ಲ. “ಹೊಸ ಹಗ್ಗ ಸಿಗುವುದಿಲ್ಲವೇ?”

“ಸಿಗ್ತದೆ. ಇದು ಪ್ರತಿ ಸಲ ಇವರ ಜೊತೆ ಹೋಗಿ ಬಂದದ್ದು. ಅಲ್ಲಿ ಕತ್ತರಿ ಹಾಕುವ ಹಾಗಿಲ್ಲ. ಗಂಟು ಬಿಚ್ಚಿ ತೆಗೆದಿಡಬೇಕು. ಬರುವಾಗ ಪೆಟ್ಟಿಗೆ ಕಟ್ಟಲಿಕ್ಕೆ ಉಂಟಲ್ಲ!”

ಹನೀಫ್ ನನ್ನತ್ತ ತಿರುಗಿದರು. “ಕಂಪೆನಿಯವರು ಈ ಸಲ ಊರಿಗೆ ಹೋಗ್ಬೇಡ, ಇಲ್ಲೇ ಇರು ಅಂದ್ರೆ ಎಂತ ಮಾಡುದು ಸರ್?”

ನಾನು ಬಾಯಿ ತೆರೆಯುವ ಮೊದಲೇ ಆಕೆ ಪೆಟ್ಟಿಗೆಗೆ ಮೊಣಕಾಲೊತ್ತಿ ಹಗ್ಗ ಬಿಗಿದರು.

“ಹಗ್ಗ ನನ್ನದು. ಇವರೇ ತಂದು ಕೊಡಬೇಕು.”