ಮೆಸೊಲೊಂಗಿಯ ಮಾರಿಕಮ್ಮ

ಮಾರಿಕಮ್ಮ ಮನುಷ್ಯರನ್ನು ಮೊದಲು ಕನ್ನಡಿಯಲ್ಲಿ ನೋಡುತ್ತಿದ್ದರು, ಆಮೇಲೆ ಎದುರಿಗೆ. ಡಚ್ಚರ ಊರು ಉಟ್ರೆಕ್ಟ್‌ನ ಹಳೆಯ ಬೀದಿಗಳಲ್ಲಿ ಕೆಲವು ಮನೆಗಳ ಕಿಟಕಿಯ ಹೊರಗೆ ಅಂಗೈಯಗಲದ ಒಂದು ಕನ್ನಡಿಯನ್ನು ಓರೆಯಾಗಿ ಕೂರಿಸಿರುತ್ತಾರೆ. ಒಳಗೆ ಕುರ್ಚಿಯಲ್ಲಿ ಕುಳಿತವರಿಗೆ ಬೀದಿಯ ತುದಿಯಿಂದ ಬರುವವರು ಕಾಣುತ್ತಾರೆ. ಬರುವವರಿಗೆ ಒಳಗಿನವರು ಕಾಣುವುದಿಲ್ಲ. ಬೇರೆಯವರ ಮನೆಯಲ್ಲಿ ಅದು ಹಳೆಯ ಕಾಲದ ಅಲಂಕಾರ. ಮಾರಿಕಮ್ಮನ ಮನೆಯಲ್ಲಿ ಅದಕ್ಕೆ ಪುರುಸೊತ್ತೇ ಇರಲಿಲ್ಲ. ಬೆಲ್ ಒತ್ತಿದರೆ ಬಾಗಿಲಿಗಿಂತ ಮೊದಲು ಪ್ರಶ್ನೆ ಬರುತ್ತಿತ್ತು: "ನಿನ್ನ ಹಿಂದೆ ಬಂದವನು ಯಾರು?" ಹಿಂದೆ ಯಾರೂ ಇರುತ್ತಿರಲಿಲ್ಲ. ಆದರೂ ಒಮ್ಮೆ ತಿರುಗಿ ನೋಡದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ನಾವು ಅವರ ಮೇಲಿನ ಮನೆಯಲ್ಲಿದ್ದೆವು, ನಾನು ಮತ್ತು ನನ್ನ ತಂಗಿ ವಸಂತಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅರಸೀಕೆರೆಯಿಂದ ಬೆಂಗಳೂರಿನ ಹೋಟೆಲಿಗೆ, ಅಲ್ಲಿಂದ ಮೈಸೂರಿನ ರಾಜಪ್ಪನವರು ಉಟ್ರೆಕ್ಟ್‌ನಲ್ಲಿ ತೆರೆದ ಹೋಟೆಲಿಗೆ ಅಡುಗೆಯವನಾಗಿ ಬಂದೆ. ವಸಂತಿ ಓದಿದಳು. ಎರಡು ಸಾವಿರದ ಇಸವಿ ಬಂದೊಡನೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂಬ ಭಯ ಆಗ ಎಲ್ಲ ಕಂಪನಿಗಳಿಗೂ ಇತ್ತು. ಆ ಭಯವೇ ಅವಳಿಗೆ ಆಮರ್ಸ್‌ಫೋರ್ಟ್‌ನಲ್ಲಿ ಕೆಲಸ ಕೊಡಿಸಿತು. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು.

ಮಾರಿಕಮ್ಮನ ಊರು ಗ್ರೀಸಿನ ಮೆಸೊಲೊಂಗಿ. ಸಮುದ್ರದ ಹಿನ್ನೀರು, ಉಪ್ಪಿನ ಗದ್ದೆಗಳು ಇರುವ ಊರು. ಇಲ್ಲಿಯ ಕಾರ್ಖಾನೆಗಳಿಗೆ ಗ್ರೀಕರನ್ನು ತಂಡ ತಂಡವಾಗಿ ಕರೆಸಿಕೊಂಡ ಕಾಲದಲ್ಲಿ ಗಂಡನ ಜೊತೆ ಬಂದವರು. ಗಂಡ ಸತ್ತ ಮೇಲೆ ಹೊಲಿಗೆಯಿಂದ ಬದುಕುತ್ತಿದ್ದರು. ಸದಾ ಕಪ್ಪು ಬಟ್ಟೆ, ಕುಳ್ಳು ದೇಹ, ಬಾಯಿಯ ತುಂಬ ಗುಂಡುಸೂಜಿ. ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಅವರ ಡಚ್ಚೂ ಹರಕು, ನನ್ನದೂ ಹರಕು. ಹಾಗಾಗಿ ನಮಗೆ ಒಬ್ಬರದೊಬ್ಬರಿಗೆ ಅರ್ಥವಾಗುತ್ತಿತ್ತು. ಅವರ ನಿಜವಾದ ಹೆಸರು ಬರೀ ಮಾರಿಕಾ. ನಾನು ಮರ್ಯಾದೆಗೆ ಅಮ್ಮ ಸೇರಿಸಿದೆ. "ಊರಮ್ಮನ ಹೆಸರು ಮಾಡಿಟ್ಟೆಯಲ್ಲೋ ಅಣ್ಣ!" ಎಂದು ವಸಂತಿ ನಕ್ಕಳು. ಅವರು ನನ್ನನ್ನು "ಮಾಗಿರಾ" ಎನ್ನುತ್ತಿದ್ದರು. ಅಡುಗೆಯವನೇ ಎಂದು ಅದರ ಅರ್ಥ.

ಬಂದ ಹೊಸದರಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಗ್ಯಾಸ್ ಸೋರುತ್ತಿದೆಯೋ, ಅಥವಾ ನೀನೇನಾದರೂ ಬಚ್ಚಿಟ್ಟಿದ್ದೀಯೋ?"

ನಾನು ಇಂಗಿನ ಡಬ್ಬಿ ತೋರಿಸಿದೆ. ಮೂಸಿ, ತಾವೇ ಮುಚ್ಚಳ ಹಾಕಿ ಕೇಳಿದರು: "ಇದನ್ನು ತಿಂದವರು ಬದುಕಿದ್ದಾರಾ?"

ಅವರು ನನ್ನನ್ನು ನಂಬಲಿಲ್ಲ. ನಾನೂ ಅವರನ್ನು ನಂಬಲಿಲ್ಲ. ಅವರ ಮನೆಯಲ್ಲಿ ಮೀನು ಮಾಂಸ ಬೇಯುತ್ತದೆ ಎಂಬ ನೆವ ಹೇಳಿ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ.

ವಸಂತಿ ಆ ಮನೆಯ ಒಳಗೆ ಹೋದದ್ದು ನೆರಿಗೆಯ ದಾರಿಯಿಂದ. ಮಾರ್ಚ್ ಇಪ್ಪತ್ತೈದು ಗ್ರೀಕರ ಸ್ವಾತಂತ್ರ್ಯದ ದಿನ. ಅದಕ್ಕೆ ಹತ್ತಿರದ ಭಾನುವಾರ ಇಲ್ಲಿಯ ಗ್ರೀಕರ ಮಕ್ಕಳು ಹಿಂದಿನ ಹೋರಾಟಗಾರರ ಹಾಗೆ ನೆರಿಗೆಯ ಬಿಳಿ ಲಂಗ ತೊಟ್ಟು ಸಭಾಂಗಣದಲ್ಲಿ ಪದ್ಯ ಹೇಳುತ್ತಾರೆ. ಸರಿಯಾದ ಲಂಗಕ್ಕೆ ನಾನೂರು ನೆರಿಗೆ ಇರಬೇಕಂತೆ, ತುರ್ಕರ ಆಳ್ವಿಕೆಯ ಒಂದೊಂದು ವರ್ಷಕ್ಕೆ ಒಂದೊಂದು. ಚಳಿಗಾಲವೆಲ್ಲ ಮಾರಿಕಮ್ಮನಿಗೆ ಅದೇ ಕೆಲಸ. ವಸಂತಿ ನೋಡಿದವಳೇ, "ಅಣ್ಣ, ಇದು ನಮ್ಮ ಸೀರೆ ನೆರಿಗೆ ತರಾನೇ ಕಣೋ" ಎಂದು ಬಟ್ಟೆಯನ್ನು ಬೆರಳಿಗೆ ತೆಗೆದುಕೊಂಡಳು. ಸರಸರ ಹಿಡಿದ ನೆರಿಗೆಗಳು ಒಂದೇ ಅಳತೆಗೆ ಬಿದ್ದವು. ಮಾರಿಕಮ್ಮ ಬಾಯಿಯಿಂದ ಸೂಜಿಗಳನ್ನು ತೆಗೆದರು. ಅವರ ತುಟಿಗಳನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

"ಗಂಡಸರು ಲಂಗ ಹಾಕಿಕೊಂಡು ಯುದ್ಧ ಮಾಡಿದರಾ?" ಎಂದು ನಾನು ನಕ್ಕೆ.

"ಮಾಡಿದರು ಮಾಗಿರಾ. ಪ್ಯಾಂಟು ಹಾಕಿದವರು ಕುಳಿತು ಕುರ್ಚಿಗೆ ಜಗಳ ಆಡಿದರು."

ಅವರು ಹೇಳುವ ಸ್ವಾತಂತ್ರ್ಯದ ಕತೆ ನಾನು ಶಾಲೆಯಲ್ಲಿ ಕೇಳಿದ ಸ್ವಾತಂತ್ರ್ಯದ ಕತೆಯ ಹಾಗಿರಲಿಲ್ಲ. ಅದರಲ್ಲಿ ವೀರರಿಗಿಂತ ಬಾಯಿ ಬಿಟ್ಟವರೇ ಹೆಚ್ಚು. ಒಡೆಸ್ಸಾ ಎಂಬ ದೂರದ ಬಂದರಿನಲ್ಲಿ ಮೂವರು ಸಣ್ಣ ವ್ಯಾಪಾರಿಗಳು ಗುಟ್ಟಿನ ಸಂಘ ಕಟ್ಟಿದರಂತೆ. ಸೇರಿದವನಿಗೆ ತನ್ನನ್ನು ಸೇರಿಸಿದವನು ಮಾತ್ರ ಗೊತ್ತು. ಮೇಲೆ ಯಾರಿದ್ದಾರೆಂದು ಕೇಳುವ ಹಾಗಿಲ್ಲ. ಮಾತು ಹೊರಗೆ ಬಿಟ್ಟಾನು ಎಂಬ ಗುಮಾನಿ ಬಂದರೂ ಸಾಕು, ಸಂಘದವರೇ ಅವನನ್ನು ಮುಗಿಸುತ್ತಿದ್ದರು.

"ಬರೀ ಗುಮಾನಿಗೇ ಕೊಂದುಬಿಡೋದಾ?" ಎಂದು ವಸಂತಿ ಕೇಳಿದಳು.

ಮಾರಿಕಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು. "ಅನುಮಾನ ಪಡದವರು ಬೇಗ ಸಾಯುತ್ತಾರೆ ಮಗಳೇ. ಪಟ್ಟವರು ಸ್ವಲ್ಪ ತಡವಾಗಿ."

ಎದುರಿಗೆ ಸುಲ್ತಾನನ ಸೈನ್ಯ ನಿಂತಿರುವಾಗಲೇ ಗ್ರೀಕರು ಎರಡು ಪಂಗಡವಾಗಿ ಹೊಡೆದಾಡಿದರಂತೆ. ಎಲ್ಲರಿಗಿಂತ ದೊಡ್ಡ ಸೇನಾಪತಿಯನ್ನು ತಮ್ಮವರೇ ಹಿಡಿದು ಒಂದು ದ್ವೀಪದಲ್ಲಿ ಸೆರೆ ಇಟ್ಟು, ಈಜಿಪ್ಟಿನ ಪಡೆ ಬಂದಿಳಿದ ಮೇಲೆ ಓಡಿಹೋಗಿ ಬಿಡಿಸಿದರಂತೆ. ಇಷ್ಟೆಲ್ಲ ಹೇಳುವ ಮಾರಿಕಮ್ಮ ಆಲಿವ್ ಕೊಳ್ಳುತ್ತಿದ್ದದ್ದು ಬೀದಿಯ ಮೂಲೆಯ ತುರ್ಕಿಯವನ ಅಂಗಡಿಯಲ್ಲಿ. ಗ್ರೀಕನ ಅಂಗಡಿ ಅದಕ್ಕಿಂತ ಹತ್ತಿರವಿತ್ತು. ಕೇಳಿದರೆ ಹೇಳಿದರು: "ತುರ್ಕ ನನ್ನನ್ನು ಯಾವತ್ತೂ ಹಿಡಿದುಕೊಟ್ಟಿಲ್ಲ. ಹಿಡಿದುಕೊಟ್ಟವರು ನಮ್ಮವರೇ."

ಅದು ಅವರ ಗಂಡನ ವಿಷಯ. ಗ್ರೀಸಿನಲ್ಲಿ ಸೈನ್ಯದ ಕರ್ನಲ್‌ಗಳು ಅಧಿಕಾರ ಹಿಡಿದಿದ್ದ ಕಾಲದಲ್ಲಿ ಆತ ಇಲ್ಲಿಯ ಕಾಫಿ ಅಂಗಡಿಯಲ್ಲಿ ಕುಳಿತು ಅವರನ್ನು ಬೈದಿದ್ದನಂತೆ. ತಾಯಿ ಸತ್ತಳೆಂದು ಊರಿಗೆ ಹೋದಾಗ ವಿಮಾನ ಇಳಿಯುತ್ತಲೇ ಹಿಡಿದರು. ಬಿಟ್ಟ ಮೇಲೂ ಅವನ ಎಡಗಿವಿ ಕೇಳಿಸುತ್ತಿರಲಿಲ್ಲ. ಕಾಫಿ ಅಂಗಡಿಯಲ್ಲಿ ಅವತ್ತು ಇದ್ದವರೆಲ್ಲ ಸ್ನೇಹಿತರು. ಹೇಳಿದವರು ಯಾರೆಂದು ಮಾರಿಕಮ್ಮನಿಗೆ ಕೊನೆಗೂ ತಿಳಿಯಲಿಲ್ಲ. ಆಗಿನಿಂದ ಅವರು ಎಲ್ಲರನ್ನೂ ಮನಸ್ಸಿನಲ್ಲೇ ಆ ಕಾಫಿ ಅಂಗಡಿಯ ಮೇಜಿನ ಸುತ್ತ ಕೂರಿಸಿ ನೋಡುತ್ತಿದ್ದರು. ನನ್ನನ್ನೂ.

ವಸಂತಿಯನ್ನು ಮಾತ್ರ ನಂಬಿದರು. ಇದು ನನಗೆ ಸರಿಬರಲಿಲ್ಲ. ನಾನು ಒಳಗೆ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಆ ಚಳಿಗಾಲದಲ್ಲೇ ರಾಜಪ್ಪನವರು ವಸಂತಿಯನ್ನು ತಮ್ಮ ಬಾಮೈದನಿಗೆ ಕೇಳಿದ್ದರು. ರಾಟರ್‌ಡ್ಯಾಮ್ ಬಂದರಿನ ಆಫೀಸಿನಲ್ಲಿ ಕೆಲಸ, ಸ್ವಂತ ಮನೆ. ವಸಂತಿಗೆ ಇಷ್ಟವಿರಲಿಲ್ಲ. "ಅವರ ಜೊತೆ ಒಂದು ಗಂಟೆ ಕೂತಿದ್ದೆ ಅಣ್ಣ. ನನ್ನ ಕೆಲಸದ ಬಗ್ಗೆ ಕೇಳಿದ್ದು ಯಾವಾಗ ಬಿಡ್ತೀಯ ಅಂತ, ಅಷ್ಟೇ" ಎಂದಳು. ನಾನು, "ಎಲ್ಲರೂ ಹಾಗೇ ಕೇಳೋದು, ಸುಮ್ನಿರು" ಎಂದೆ. ನಾನು ಈ ದೇಶದಲ್ಲಿ ಇರುವ ಪರ್ಮಿಟ್ ರಾಜಪ್ಪನವರ ಕೈಯಲ್ಲಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಅಪ್ಪ ಒಪ್ಪಿದ್ದಾರೆ ಎಂದು ಮಾತ್ರ ಹೇಳಿದೆ. ಮಾರ್ಚ್ ಕೊನೆಗೆ ನಿಶ್ಚಿತಾರ್ಥ ಎಂದಾಯಿತು.

ಆಮೇಲೆ ವಸಂತಿ ಜಗಳ ನಿಲ್ಲಿಸಿದಳು. ಅದೇ ನನಗೆ ಅನುಮಾನ ತಂದದ್ದು. ಅವಳ ಬೀರುವಿನಲ್ಲಿ ಬಟ್ಟೆ ಕಡಿಮೆಯಾಗುತ್ತಿತ್ತು. ನೆರಿಗೆ ಹಿಡಿಯಲು ತಂದ ಲಂಗಗಳು ಎಂದು ಹೇಳಿ ತುಂಬಿದ ಚೀಲ ಹಿಡಿದು ಕೆಳಗೆ ಹೋದರೆ ಬರುವಾಗ ಬರಿಗೈ. ಗ್ರೀಕ್ ಹುಡುಗ ಯಾವನೋ ಇದ್ದಾನೆ, ಮುದುಕಿ ಗಂಟು ಹಾಕುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಒಂದು ದಿನ ಅವಳ ಹಿಂದೆ ಸ್ಟೇಷನ್ನಿನವರೆಗೂ ಹೋದೆ. ಅವಳು ಒಂದು ಬನ್ ಕೊಂಡು ತಿಂದು ರೈಲು ಹತ್ತಿದಳು. ಅದರಲ್ಲೂ ನನಗೆ ಏನೋ ಇದೆ ಅನ್ನಿಸಿತು.

ಹಬ್ಬಕ್ಕೆ ಎರಡು ದಿನ ಮೊದಲು, ಹೋಟೆಲಿನ ಮಧ್ಯಾಹ್ನದ ಬಿಡುವಿನಲ್ಲಿ ಕೆಳಗೆ ಹೋದೆ. ಹಬ್ಬದ ದಿನ ಅವರು ಉಪ್ಪುಮೀನು ಕರಿದು ಬೆಳ್ಳುಳ್ಳಿಯ ಗೊಜ್ಜಿನ ಜೊತೆ ತಿನ್ನುತ್ತಾರೆ. ಉಪ್ಪು ಬಿಡಲಿ ಎಂದು ಮೀನನ್ನು ಬೇಸಿನ್‌ನಲ್ಲಿ ನೆನೆಹಾಕಿದ್ದರು. ಮನೆಯೆಲ್ಲ ವಾಸನೆ. ನಾನು ಮೂಗು ಮುಚ್ಚಲಿಲ್ಲ. ವಸಂತಿಯ ವಿಷಯ ಸುತ್ತು ಬಳಸಿ ಕೇಳಿದೆ. ಅವರು ಸೂಜಿ ಕಚ್ಚಿಕೊಂಡು ಹೊಲಿಗೆ ಮುಂದುವರಿಸಿದರು.

ಮಾರಿಕಮ್ಮನ ಒಂದು ಪದ್ಧತಿ ನನಗೆ ಗೊತ್ತಿತ್ತು. ಒಟ್ಟಿಗೆ ಕುಳಿತು ರೊಟ್ಟಿ ಮತ್ತು ಉಪ್ಪು ತಿಂದವರು ಅವರ ಜನ. ತಿಂದ ಮೇಲೆ ದ್ರೋಹ ಇಲ್ಲ. ಊರಿನ ಗದ್ದೆಯ ಉಪ್ಪನ್ನು ಒಂದು ಜಾಡಿಯಲ್ಲಿ ಅದಕ್ಕೆಂದೇ ಇಟ್ಟಿದ್ದರು. ವಸಂತಿ ತಿಂದಿದ್ದಳು. ನಾನು ಆ ಜಾಡಿಯ ಕಡೆ ಕೈ ತೋರಿಸಿ, "ನನಗೂ ಕೊಡಿ" ಎಂದೆ.

ಅವರು ನನ್ನನ್ನೇ ನೋಡಿದರು. "ನೀನು ಇಲ್ಲಿ ನೀರೂ ಕುಡಿಯುವುದಿಲ್ಲ."

"ನಮ್ಮಲ್ಲೂ ಹೇಳುತ್ತಾರೆ, ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ. ಅವಳು ಕಳ್ಳಿಯ ಹಾಗೆ ಹೋಗುವುದು ಬೇಡ. ಎಲ್ಲಿಗೆ ಅಂತ ಗೊತ್ತಾದರೆ ನಾನೇ ಹರಸಿ ಕಳಿಸುತ್ತೇನೆ."

ರೊಟ್ಟಿ ಮುರಿದು ಉಪ್ಪಿಗೆ ಅದ್ದಿ ಕೊಟ್ಟರು. ತಿಂದೆ. ಅವರ ಕಣ್ಣಲ್ಲಿ ನೀರಿತ್ತು. ತಿನ್ನುವಾಗ ನಾನು ಹೇಳಿದ್ದರಲ್ಲಿ ಅರ್ಧ ನಿಜವೇ ಇತ್ತು ಎಂದು ಇವತ್ತೂ ಅಂದುಕೊಳ್ಳುತ್ತೇನೆ. ಆ ಅರ್ಧವನ್ನೂ ನಂಬಬೇಡಿ.

ಆಮೇಲೆ ಅವರು ಎಲ್ಲ ಹೇಳಿದರು. ಹುಡುಗ ಯಾರೂ ಇರಲಿಲ್ಲ. ಬೆಸ್ಟ್ ಎಂಬ ಊರಿನಲ್ಲಿ ವಸಂತಿಗೆ ಬೇರೆ ಕೆಲಸ ಸಿಕ್ಕಿತ್ತು, ಒಂದು ಕೋಣೆಯೂ ಸಿಕ್ಕಿತ್ತು. ಭಾನುವಾರ ಲಂಗಗಳನ್ನು ಒಯ್ಯಲು ಮಾರಿಕಮ್ಮನ ಅಣ್ಣನ ಮಗ ವ್ಯಾನ್ ತರುತ್ತಾನೆ, ಅದರಲ್ಲೇ ಹೋಗುವುದು. ನಾನು ಅಷ್ಟು ಹೊತ್ತಿಗೆ ಹೋಟೆಲಿನಲ್ಲಿರುತ್ತೇನೆ.

ಅದೇ ಸಂಜೆ ಈರುಳ್ಳಿ ಹೆಚ್ಚುತ್ತ ರಾಜಪ್ಪನವರಿಗೆ ಹೇಳಿಬಿಟ್ಟೆ.

ಮೆಸೊಲೊಂಗಿಯ ಕತೆಯನ್ನು ಇಲ್ಲಿ ಹೇಳಬೇಕು. ಸುಲ್ತಾನನ ಸೈನ್ಯ ಆ ಊರನ್ನು ಒಂದು ವರ್ಷ ಸುತ್ತುಗಟ್ಟಿತ್ತು. ಜನ ಇಲಿಗಳನ್ನೂ ಸಮುದ್ರದ ಪಾಚಿಯನ್ನೂ ತಿಂದರು. ಕೊನೆಗೆ ಒಂದು ರಾತ್ರಿ ಎಲ್ಲರೂ ಒಟ್ಟಿಗೆ ಕೋಟೆಯಿಂದ ನುಗ್ಗಿ ಹೋಗುವುದೆಂದು ಗುಟ್ಟಾಗಿ ಗೊತ್ತು ಮಾಡಿದರು. ಹೊರಟರು. ಹೊರಗೆ ವೈರಿ ಮೊದಲೇ ಕಾದು ಕುಳಿತಿದ್ದ. ಯಾರೋ ಹೇಳಿದ್ದರು. ಮಾರಿಕಮ್ಮ ಈ ಕತೆಯನ್ನು ಯಾವಾಗ ಹೇಳಿದರೂ ಇಲ್ಲಿಗೆ ನಿಲ್ಲಿಸಿ, ತಮ್ಮ ಕಾಲದಲ್ಲೇ ನಡೆದದ್ದೆಂಬ ಹಾಗೆ ಕೇಳುತ್ತಿದ್ದರು: "ಅವನಿಗೂ ಊರೊಳಗೆ ಅಕ್ಕತಂಗಿಯರು ಇರಲಿಲ್ಲವೇ?"

ಭಾನುವಾರ ವಸಂತಿ ಕೋಟು ಹಾಕಿಕೊಂಡು ಹೊರಡುವಷ್ಟರಲ್ಲಿ ರಾಜಪ್ಪನವರು, ಅವರ ಹೆಂಡತಿ ಗಿರಿಜಕ್ಕ ಬಂದರು. ಅವರ ಹಿಂದೆ ನಾನು. ಯಾರೂ ಕೂಗಾಡಲಿಲ್ಲ. ಗಿರಿಜಕ್ಕ ಸೋಫಾದಲ್ಲಿ ಕುಳಿತು, "ಕೋಟು ತೆಗೀಯಮ್ಮ, ಸೆಖೆ ಆಗುತ್ತೆ" ಎಂದರು. ರಾಜಪ್ಪನವರು ಅರಸೀಕೆರೆಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟರು. ಅಪ್ಪ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅಮ್ಮ ಅಳುವುದು ಕೇಳಿಸಿತು. ವಸಂತಿ, "ಆಯ್ತಪ್ಪ" ಎಂದಳು. ಕೆಳಗೆ ವ್ಯಾನ್ ಹಾರ್ನ್ ಮಾಡುತ್ತಿತ್ತು.

"ಯಾರು ಹೇಳಿದ್ದು?" ಎಂದಳು.

"ಯಾರಿಗೆ ಗೊತ್ತಿತ್ತೋ ಅವರೇ. ಕಂಡಕಂಡವರನ್ನ ನಂಬಿದ್ರೆ ಇನ್ನೇನಾಗುತ್ತೆ?" ಎಂದರು ಗಿರಿಜಕ್ಕ.

ವಸಂತಿ ನನ್ನ ಕಡೆ ತಿರುಗಿದಳು. "ಅಣ್ಣ, ನಿಂಗೆ ಗೊತ್ತಿತ್ತಾ?"

"ಇಲ್ಲ ಕಣೆ. ಇವರು ಹೇಳಿದ ಮೇಲೇ ಗೊತ್ತಾಗಿದ್ದು."

ನನ್ನ ತಪ್ಪು ಎಂದರೆ ಇದು. ಮೊದಲನೆಯದು ಹೆದರಿಕೆಯಿಂದ ಆಯಿತು ಎನ್ನಬಹುದು. ಇದಕ್ಕೆ ಅಂಥ ನೆವವೂ ಇಲ್ಲ.

ಅವಳು ಕೆಳಗೆ ಓಡಿದಳು. ಮಾರಿಕಮ್ಮ ಹಬ್ಬಕ್ಕೆ ಸಿದ್ಧರಾಗಿ, ಎದೆಗೆ ನೀಲಿ ಬಿಳಿ ರಿಬ್ಬನ್ ಚುಚ್ಚಿಕೊಂಡು ಬಾಗಿಲಲ್ಲೇ ಇದ್ದರು. "ನೀವು ಹೇಳಿದಿರಾ?" ಎಂದು ವಸಂತಿ ಕೇಳಿದಳು. ಮಾರಿಕಮ್ಮ ಅವಳ ಹೆಗಲ ಮೇಲಿಂದ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ನನ್ನನ್ನು ಹಿಡಿದುಕೊಡಲು ಒಂದು ಮಾತು ಸಾಕಿತ್ತು.

"ಹೇಳಿದೆ."

"ಯಾಕೆ?"

"ಬಾಯಿ ನನ್ನದು. ತೆರೆದವಳು ನಾನು."

ಬೇರೆಯವರಿಗೆ ಹಾಕುತ್ತಿದ್ದ ಶಿಕ್ಷೆಯನ್ನು ಅವರು ತಮಗೂ ಬಿಡಲಿಲ್ಲ. ಮೋಸ ಹೋಗಿ ಹೇಳಿದರೂ ಹೇಳಿದ್ದೇ. ವಸಂತಿ ಮತ್ತೆ ಆ ಬಾಗಿಲು ತಟ್ಟಲಿಲ್ಲ. ಬೇಸಿಗೆಯಲ್ಲಿ ಮದುವೆಯಾಯಿತು. ಕೆಲಸ ಬಿಟ್ಟು ರಾಟರ್‌ಡ್ಯಾಮಿಗೆ ಹೋದಳು. ಅವಳು ಅಲ್ಲಿ ಹೇಗಿದ್ದಾಳೆ ಎಂದು ಬರೆಯುವ ಅರ್ಹತೆ ನನಗಿಲ್ಲ. ಇದು ಅಚ್ಚಾದರೆ ಅವಳು ಓದುತ್ತಾಳೆ. ಓದಲಿ ಎಂದೇ ಬರೆಯುತ್ತಿದ್ದೇನೆ.

ಮಾರಿಕಮ್ಮನನ್ನು ಕೊನೆಯ ಸಲ ನೋಡಿದ್ದು ಆ ವರ್ಷದ ಮಳೆಗಾಳಿಯ ದಿನಗಳಲ್ಲಿ. ಊರಿಗೆ ವಾಪಸು ಹೊರಟಿದ್ದರು. ಹೊಲಿಗೆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. ಅವರು ಬೇಡ ಎನ್ನಲಿಲ್ಲ.

"ವಸಂತಿಗೆ ಎಲ್ಲ ಹೇಳುತ್ತೇನೆ" ಎಂದೆ.

"ಈಗ ಹೇಳುತ್ತೀಯಾ? ಆ ಮನೆಯಲ್ಲಿ ಅವಳಿಗೆ ಕಷ್ಟವಾದರೆ ಯಾರಿಗೆ ಫೋನ್ ಮಾಡುತ್ತಾಳೆ?"

"ನನಗೆ."

"ಮತ್ತೆ? ಅದನ್ನೂ ಕಿತ್ತುಕೊಳ್ಳುತ್ತೀಯಾ? ಸುಮ್ಮನಿರು." ಗಂಟು ಬಿಗಿದು ನೆಟ್ಟಗಾದರು. "ನಿನ್ನನ್ನು ಕ್ಷಮಿಸಿದೆ ಅಂದುಕೊಳ್ಳಬೇಡ, ಮಾಗಿರಾ. ನೀನು ತಿಂದದ್ದು ನನ್ನ ಊರಿನ ಉಪ್ಪು."

ಅವರು ಹೇಳಿದ್ದಾರೆ ಎಂಬ ನೆಪದಲ್ಲಿ ಸುಮ್ಮನಿದ್ದೆ. ಆ ನೆಪ ನನಗೆ ಬಹಳ ಹಿತವಾಗಿತ್ತು.

ಮರುವರ್ಷ ಅವರ ಅಣ್ಣನ ಮಗ ಬೀದಿಯಲ್ಲಿ ಸಿಕ್ಕಿ, ಮಾರಿಕಮ್ಮ ತೀರಿಕೊಂಡರೆಂದು ಹೇಳಿದ. ಮನೆಗೆ ಬಂದು ವಸಂತಿಗೆ ಫೋನ್ ಮಾಡಿದೆ. ಯಾವಾಗ, ಎಲ್ಲಿ ಎಂದು ಕೇಳಿದಳು. ಆಮೇಲೆ, "ಅಣ್ಣ, ನಾನು ಅವರಿಗೇನು ಮಾಡಿದ್ದೆ? ಎಷ್ಟು ಪ್ರೀತಿಯಿಂದ ಇದ್ರು. ಯಾಕೆ ಹಾಗೆ ಮಾಡಿದ್ರು ಅಂತ ಈಗ್ಲೂ ಯೋಚ್ನೆ ಮಾಡ್ತೀನಿ. ನಿಂಗೇನಾದ್ರೂ ಅನ್ಸುತ್ತಾ?" ಎಂದಳು.

ಮಾರಿಕಮ್ಮ ಇರಲಿಲ್ಲ. ತಡೆಯುವವರು ಯಾರೂ ಇರಲಿಲ್ಲ.

"ವಯಸ್ಸಾಗಿತ್ತಲ್ಲ ವಸಂತಿ," ಎಂದೆ. "ವಯಸ್ಸಾದವರ ಬಾಯಿ ನಿಲ್ಲಲ್ಲ ಕಣೆ."